ಇಪ್ಪತ್ಮೂರು ಭಾಷೆಯಲ್ಲಿ ‘ಕುಂದ್ರಿ’

ಹೋದ ವಾರ ಕಡ್ಡಿರಾಂಪುರದ ತಿರುವಿನಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಹೊಸಪೇಟೆಯಿಂದ ಹೊರಟ ನಮ್ಮ ಬಸ್ಸು ಅಲ್ಲಿ ಹದಿನಾಲ್ಕು ನಿಮಿಷ ನಿಂತಿತು. ಕಿಟಕಿ ಪಕ್ಕದವರೆಲ್ಲ ಮೂಗಿಗೆ ಸೆರಗು, ಕರ್ಚೀಫು ಹಿಡಿದರು. ನಾನು ಹಿಡಿಯಲಿಲ್ಲ. ಬಿಸಿ ಡಾಂಬರಿನ ವಾಸನೆ ನನ್ನ ಪಾಲಿಗೆ ರಸ್ತೆಯದಲ್ಲ, ಹೊಳೆಯದು. ಬಿದಿರಿನ ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕುದಿಯುವ ಡಾಂಬರು ಬಳಿದು, ಹರಿಗೋಲನ್ನು ಬೋರಲು ಹಾಕಿ, ಬಂಡೆಯ ನೆರಳಿನಲ್ಲಿ ಬೀಡಿ ಹಚ್ಚುತ್ತಿದ್ದ ಒಬ್ಬರು ನೆನಪಾದರು...

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಊರು ಕಂಪ್ಲಿ. ಹರಿಗೋಲು ಹೆಣೆಯುವುದನ್ನೂ ಹುಟ್ಟು ಹಾಕುವುದನ್ನೂ ಅಲ್ಲೇ ಕಲಿತು, ಹಂಪಿಯ ಕೆಳಗೆ ಹೊಳೆ ದಾಟುವ ಘಟ್ಟಕ್ಕೆ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ನಾಲ್ಕು ವರ್ಷದ ಹಿಂದೆ ನಾನು ಡಿಗ್ರಿ ಮುಗಿಸಿ ಆಚೆ ದಡದ ಒಂದು ಗೆಸ್ಟ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬಂದವರ ಹೆಸರು ಬರೆದುಕೊಳ್ಳುವುದು, ಕೋಣೆ ತೋರಿಸುವುದು, ಇಂಗ್ಲಿಷಿನಲ್ಲಿ ನಗುವುದು. ದಿನಕ್ಕೆ ಎರಡು ಸಲ ಹೊಳೆ ದಾಟಬೇಕಿತ್ತು. ಸೇತುವೆಯ ಮೇಲಿಂದ ಸುತ್ತಿಬರಲು ಬಸ್ಸಿನ ಹೊತ್ತು ಹೊಂದುತ್ತಿರಲಿಲ್ಲ. ಹೀಗಾಗಿ ಕಾಕಾರ ಹರಿಗೋಲು. ನನ್ನ ಡೈರಿಯ ಪ್ರಕಾರ ಆ ವರ್ಷ ಅವರ ಹರಿಗೋಲಿನಲ್ಲಿ ನಾನು ದಾಟಿದ್ದು ಇನ್ನೂರ ಹನ್ನೆರಡು ಸಲ.

ಡೈರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಅಂಟಿದ ಚಟ. ತಾರೀಖು, ಹೊತ್ತು, ಎಷ್ಟು ಮಂದಿ, ಏನಾಯಿತು. ಹರಿಗೋಲು ತುಂಬುವವರೆಗೆ ಬಂಡೆಯ ಮೇಲೆ ಕುಳಿತು ಬರೆಯುತ್ತಿದ್ದೆ. ಕಾಕಾ ಅದನ್ನು ನೋಡಿ ನನಗೆ ಶಾನುಭೋಗರೆಂದು ಹೆಸರಿಟ್ಟರು.

“ಬರ್ರಿ ಶಾನುಭೋಗ್ರ, ಬರಕೊಳ್ರಿ. ಇವತ್ತು ಒಂಬತ್ತು ಮಂದಿ, ಒಂದು ಕುರಿ. ಕುರೀನ ಬಿಡಬ್ಯಾಡ್ರಿ, ಆಮೇಲೆ ಲೆಕ್ಕ ತಪ್ಪತೈತಿ.”

ಕುರಿಗೆ ಬೇರೆ ಕಾಲಮ್ಮು ಹಾಕಿದ್ದೇನೆ. ಈಗಲೂ ಇದೆ.

ಹಂಪಿಯಲ್ಲಿ ಅಂಗಡಿಯವರು, ಆಟೋದವರು, ಹರಿಗೋಲಿನವರು ಎಲ್ಲರಿಗೂ ಹತ್ತಾರು ಭಾಷೆಯಲ್ಲಿ ನಮಸ್ಕಾರ ಹೇಳಲು ಬರುತ್ತದೆ. ಗಿರಾಕಿ ಹಿಡಿಯಲು ಅದು ಬೇಕು. ಕಾಕಾಗೆ ಒಂದು ಭಾಷೆಯಲ್ಲೂ ನಮಸ್ಕಾರ ಬರುತ್ತಿರಲಿಲ್ಲ. ಅವರು ಕಲಿತದ್ದು ಒಂದೇ ಮಾತು, ‘ಕುಂದ್ರಿ’. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಸುತ್ತಲೂ ಸಮ ಕುಳಿತರೆ ಅದು ಎಷ್ಟು ತಿರುಗಿದರೂ ಮಗುಚುವುದಿಲ್ಲ. ಒಬ್ಬರು ಎದ್ದು ನಿಂತರೆ ಮುಗಿಯಿತು. ಅದಕ್ಕೇ ಯಾವ ದೇಶದವರು ಹತ್ತಿದರೂ ಕಾಕಾ ಮೊದಲು ಕೇಳುತ್ತಿದ್ದದ್ದು, ನಿಮ್ಮ ಮಾತಿನಲ್ಲಿ ಕುಂದ್ರಿ ಅನ್ನೋದಕ್ಕೆ ಏನಂತೀರಿ ಎಂದು.

“ನಮಸ್ಕಾರ ಅನ್ನದಿದ್ರ ಯಾರೂ ಸಾಯಂಗಿಲ್ಲ,” ಎನ್ನುತ್ತಿದ್ದರು.

ನನ್ನ ಡೈರಿಯ ಕೊನೆಯ ಪುಟದಲ್ಲಿ ಆ ಪಟ್ಟಿ ಇದೆ. ತೆಲುಗಿನದು, ಮರಾಠಿಯದು, ತಮಿಳಿನದು ಮೊದಲಿಗೆ. ಆಮೇಲೆ ಫ್ರೆಂಚು, ಹೀಬ್ರೂ, ರಷ್ಯನ್, ಜಪಾನಿ... ನಾನು ಸೇರುವ ಹೊತ್ತಿಗೆ ಹತ್ತೊಂಬತ್ತು ಆಗಿದ್ದವು. ನಾನು ಬಂದಮೇಲೆ ನಾಲ್ಕು ಸೇರಿದವು. ಅದರಲ್ಲಿ ಎರಡರ ಕತೆ ಹೇಳಬೇಕು.

ನವೆಂಬರ್ ಒಂಬತ್ತು. ಅರವತ್ತು ದಾಟಿದ ಒಬ್ಬ ಬಿಳಿಯ ಗಂಡಸು ಹತ್ತಿದರು. ಕೂತವರೇ ಹರಿಗೋಲಿನ ಒಳಮೈಯನ್ನು ಕೈಯಿಂದ ಸವರಿ, ಬೆರಳು ಮೂಸಿ ನೋಡಿಕೊಂಡರು. ಕಾಕಾಗೆ ಖುಷಿಯಾಯಿತು. ನನ್ನ ಕಡೆ ತಿರುಗಿ, ಇಂಗ್ಲಿಷಿನವರಿಗೆ ತೆಪ್ಪದ ಬಗ್ಗೆ ಹೇಳು ಎಂದರು. ಹರಿಗೋಲು ಅವರ ಬಾಯಲ್ಲಿ ತೆಪ್ಪ. ನಾನೂ ಹಿಂದುಮುಂದು ನೋಡದೆ, ನಿಮ್ಮ ಇಂಗ್ಲೆಂಡಿನಲ್ಲಿ ಇಂಥದ್ದು ಇದೆಯೇ ಎಂದು ಕೇಳಿಬಿಟ್ಟೆ. ಬೆಳ್ಳಗಿದ್ದವರೆಲ್ಲ ಇಂಗ್ಲಿಷಿನವರು ಎಂಬುದು ನಮ್ಮ ಘಟ್ಟದ ರೂಢಿ. ಅವರ ಮುಖ ಬಿಗಿಯಿತು. ತಾನು ಐರ್ಲೆಂಡಿನವನು, ಇಂಗ್ಲಿಷನಲ್ಲ ಎಂದರು. ಎರಡು ಸಲ ಹೇಳಿದರು. ನಾನು ಕಾಕಾಗೆ ಹೇಳಿದೆ. ಅವರು ಹುಟ್ಟು ನಿಲ್ಲಿಸಿದರು.

“ತಪ್ಪಾತು ಅನ್ನು. ಬೆಂಗ್ಳೂರಾಗ ನನ್ನ ಮಾತು ಕೇಳಿ ‘ನೀವು ತೆಲುಗರೇನ್ರಿ’ ಅಂತಾರಲ್ಲ, ಹಂಗಾತು ಪಾಪ ಅವ್ರಿಗೆ.”

ಅದನ್ನು ಅವರಿಗೆ ತಿಳಿಸಿದೆ. ಅವರು ನಕ್ಕರು. ಆಮೇಲೆ ಆಚೆ ದಡ ಮುಟ್ಟುವವರೆಗೂ ಅವರದೇ ಮಾತು. ಅವರು ಟಪಾಲು ಹಂಚುತ್ತಿದ್ದವರು, ಈಗ ನಿವೃತ್ತರು. ಅವರ ನಾಡಿನ ಒಂದು ಹೊಳೆಯಲ್ಲಿ ಹಿಂದೆ ಇಂಥದೇ ದುಂಡು ದೋಣಿಗಳಿದ್ದವಂತೆ, ಕಡ್ಡಿ ಹೆಣೆದು ದನದ ಚರ್ಮ ಹೊದಿಸಿದವು. ಅಜ್ಜಿ ಮನೆಯಲ್ಲಿ ಐರಿಷ್ ಆಡುತ್ತಿದ್ದಳು. ಅಪ್ಪನಿಗೆ ಅದು ಬಡತನದ ಮಾತು ಅನ್ನಿಸಿ, ಮಕ್ಕಳೆದುರು ಬಾಯಿ ಬಿಡಲಿಲ್ಲ. ಶಾಲೆಯಲ್ಲಿ ವರ್ಷಗಟ್ಟಲೆ ಕಲಿಸಿದರು, ಪರೀಕ್ಷೆ ಮುಗಿದ ದಿನ ಇವರು ಮರೆತರು. ಈಗ ಈ ವಯಸ್ಸಿನಲ್ಲಿ ದಿನಕ್ಕೆ ಹದಿನೈದು ನಿಮಿಷ ಫೋನಿನಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ. ತೆಗೆದು ತೋರಿಸಿದರು. ಫೋನು ಒಂದು ಮಾತು ಹೇಳಿತು, ಅವರು ತಿರುಗಿ ಹೇಳಿದರು, ಫೋನು ಭೇಷ್ ಎಂಬಂತೆ ಗಂಟೆ ಬಾರಿಸಿತು.

ಕುಂದ್ರಿ ಅನ್ನುವುದಕ್ಕೆ ಅವರು ಕೊಟ್ಟದ್ದು ‘ಸಿ ಶೀಸ್’. ಪಟ್ಟಿಯಲ್ಲಿ ಇಪ್ಪತ್ತೆರಡನೆಯದು.

ಅವರು ಇಳಿದುಹೋದ ಮೇಲೆ ಕಾಕಾ ಹರಿಗೋಲಿನ ತಳದ ನೀರು ಮೊಗೆದು ಚೆಲ್ಲತೊಡಗಿದರು. ಮೊಗೆಯುತ್ತಲೇ, ಮನೆಯಲ್ಲಿದ್ದದ್ದನ್ನು ಅಪ್ಪ ಹೊರಗೆ ಹಾಕಿದ, ಮಗ ಅದನ್ನು ಫೋನಿನಲ್ಲಿ ಹುಡುಕುತ್ತಿದ್ದಾನೆ ಎಂದರು. ಆದರೆ ಫೋನಿನ ಮೇಲೆ ಅವರಿಗೆ ಅಂದು ಗೌರವ ಬಂತು. ಕಳೆದುಕೊಂಡ ಮಾತನ್ನು ಹಿಂದಕ್ಕೆ ಕೊಡುವ ಯಂತ್ರ ಎಂದುಕೊಂಡರೋ ಏನೋ...

ಡಿಸೆಂಬರ್ ಮೊದಲ ವಾರ ಆ ಯಂತ್ರವೇ ಘಟ್ಟಕ್ಕೆ ಬಂತು. ಹರಿಗೋಲುಗಳ ಬುಕಿಂಗನ್ನು ಒಂದು ಕಂಪನಿ ವಹಿಸಿಕೊಂಡಿತು. ಇನ್ನುಮೇಲೆ ಎಲ್ಲ ಫೋನಿನ ಆ್ಯಪಿನಲ್ಲಿ. ಹೊರಡುವ ಮುನ್ನ ಹರಿಗೋಲಿನವರು ಸುರಕ್ಷತೆಯ ನಾಲ್ಕು ವಾಕ್ಯಗಳನ್ನು ಜೋರಾಗಿ ಹೇಳಬೇಕು, ಫೋನು ಕೇಳಿಸಿಕೊಳ್ಳುತ್ತದೆ. ಸರಿಯಾಗಿ ಹೇಳಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಹೆಚ್ಚಾದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೆಸರಿಲ್ಲದವರು ಆ ಘಟ್ಟದಲ್ಲಿ ಹುಟ್ಟು ಮುಟ್ಟುವಂತಿಲ್ಲ. ನಿಯಮ ಕೆಟ್ಟದ್ದಲ್ಲ. ಲೈಫ್ ಜಾಕೆಟ್ ಹಾಕಿರಿ, ಕುಳಿತಿರಿ, ಅಂಚು ಹಿಡಿಯಿರಿ, ಕೈ ನೀರಿಗೆ ಬಿಡಬೇಡಿ. ಆದರೆ ಫೋನಿಗೆ ಇಂಗ್ಲಿಷು ಅಥವಾ ಹಿಂದಿಯಲ್ಲೇ ಹೇಳಬೇಕಿತ್ತು. ಕನ್ನಡ ಅದಕ್ಕೆ ಬರುತ್ತಿರಲಿಲ್ಲ.

ಕಾಕಾಗೆ ಆ ನಾಲ್ಕು ಇಂಗ್ಲಿಷು ವಾಕ್ಯ ಕಷ್ಟವೇನಲ್ಲ. ನಾನೇ ಬುದ್ಧಿವಾದ ಹೇಳಿದೆ. ಮೊದಲು ಇಂಗ್ಲಿಷಿನಲ್ಲಿ ಹೇಳಿ ಹಸಿರು ಮಾಡಿಸಿಕೊಳ್ಳಿ, ಆಮೇಲೆ ನಿಮ್ಮ ಕನ್ನಡ ಹೇಳಿ, ಎರಡೂ ಆಯಿತು ಎಂದೆ. ಸಂಕ್ರಾಂತಿಯವರೆಗೆ ಹಾಗೇ ಮಾಡಿದರು. ನಾನು ದಿನವೂ ನೋಡಿದೆ. ಇಂಗ್ಲಿಷು ಶುರುವಾಗುತ್ತಲೇ ಹಳ್ಳಿಯ ಮಂದಿ ಇದು ತಮಗಲ್ಲ ಎಂದು ಮುಖ ತಿರುಗಿಸುತ್ತಿದ್ದರು. ಎಲೆಯಡಿಕೆ ಚೀಲ ಬಿಚ್ಚುವರು, ಮಗುವಿಗೆ ಟೋಪಿ ಕಟ್ಟುವರು, ಫೋಟೋ ಹೊಡೆಯುವರು. ಕನ್ನಡ ಬರುವ ಹೊತ್ತಿಗೆ ಕಿವಿ ಮುಚ್ಚಿರುತ್ತಿತ್ತು. ಡಿಸೆಂಬರ್ ಇಡೀ ತಿಂಗಳು ಹತ್ತಿದವರನ್ನು ನಾನು ಎಣಿಸಿದೆ. ಹತ್ತರಲ್ಲಿ ಏಳು ಮಂದಿ ನಮ್ಮ ಸುತ್ತಿನವರೇ, ಚೋರನೂರು, ಮರಿಯಮ್ಮನಹಳ್ಳಿ, ಕಂಪ್ಲಿ ಕಡೆಯವರು.

ಅದೂ ಅಲ್ಲದೆ ಕಾಕಾ ಹೇಳುತ್ತಿದ್ದದ್ದು ನಾಲ್ಕು ವಾಕ್ಯವಲ್ಲ, ಐದು. ಐದನೆಯದು ಕಂಪನಿಯ ಯಾರಿಗೂ ಹೊಳೆಯುವಂಥದ್ದಲ್ಲ. ನಮ್ಮ ಕಡೆಯ ಹೆಂಗಸರು ನಡುಹೊಳೆಯಲ್ಲಿ ಗಂಗವ್ವನಿಗೆ ಉಡಿ ತುಂಬುತ್ತಾರೆ. ಕುಬುಸದ ಕಣ, ಹಸಿರು ಬಳೆ, ಅಕ್ಕಿ, ಕೊಬ್ಬರಿಬಟ್ಟಲು ನೀರಿಗೆ ಬಿಡುತ್ತಾರೆ. ಭಕ್ತಿಯಿಂದ ಎದ್ದು ನಿಂತು ಬಿಡುತ್ತಾರೆ. ಅಪಾಯ ಇರುವುದು ಅಲ್ಲೇ.

“ಅವ್ವಾರ, ಗಂಗವ್ವಗ ಉಡಿ ತುಂಬವ್ರು ಕುಂತೇ ತುಂಬ್ರಿ. ಆಕಿ ತಳದಾಗ ಕುಂತಾಳ. ನಿಂತವ್ರ ಕೈಲಿಂದ ಆಕಿ ತಗೊಳ್ಳಂಗಿಲ್ಲ.”

ಇದು ಯಾವ ಶಾಸ್ತ್ರದಲ್ಲಿದೆ ಎಂದು ಒಮ್ಮೆ ಕೇಳಿದ್ದೆ.

“ಯಾವ ಶಾಸ್ತ್ರದಾಗೂ ಇಲ್ಲ. ನಾ ಮಾಡಿದ್ದು. ‘ಬೀಳ್ತೀರಿ’ ಅಂದ್ರ ಕೇಳಂಗಿಲ್ಲ ಶಾನುಭೋಗ್ರ. ‘ಆಕಿ ತಗೊಳ್ಳಂಗಿಲ್ಲ’ ಅಂದ್ರ ಕೇಳ್ತಾರ.”

ಸಂಕ್ರಾಂತಿಯ ದಿನ ಬೆಳಿಗ್ಗೆ ಒಂಬತ್ತೂವರೆ. ಚೋರನೂರಿನಿಂದ ಟೆಂಪೋ ಮಾಡಿಕೊಂಡು ಬಂದ ಹೆಂಗಸರು ನಮ್ಮ ಪಕ್ಕದ ಹರಿಗೋಲು ಹತ್ತಿದರು. ಅದು ಸಂಡೂರಿನವನದು. ಅವನು ಅದಿರು ಲಾರಿ ಓಡಿಸುತ್ತಿದ್ದವನು, ಲೋಡು ಕಮ್ಮಿಯಾದ ಮೇಲೆ ಘಟ್ಟಕ್ಕೆ ಬಂದಿದ್ದ. ಒಳ್ಳೆಯವನು, ಹುಷಾರಿ. ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಚಕಚಕನೆ ಹೇಳಿದ. ಹಸಿರು ಬಿತ್ತು. ಹೊರಟ. ನಡುಹೊಳೆಗೆ ಹೋಗುತ್ತಲೇ ಒಬ್ಬಾಕೆ ಉಡಿ ಹಿಡಿದು ಎದ್ದಳು, ಅವಳ ಜೊತೆ ಇನ್ನಿಬ್ಬರು. ಅವನು ಕುಂದ್ರಿ ಕುಂದ್ರಿ ಎಂದು ಕೂಗುವಷ್ಟರಲ್ಲಿ ಹರಿಗೋಲು ಒಂದು ಮಗ್ಗುಲಿಗೆ ವಾಲಿತು. ಮೂವರೂ ನೀರಿಗೆ ಬಿದ್ದರು.

ಕಾಕಾ ನಮ್ಮನ್ನೆಲ್ಲ ಅಂಚು ಹಿಡಿಸಿ ಹರಿಗೋಲನ್ನು ಅತ್ತ ತಿರುಗಿಸಿದರು. ಜಾಕೆಟ್ ಇದ್ದದ್ದರಿಂದ ಇಬ್ಬರು ತೇಲುತ್ತಿದ್ದರು. ಉಡಿ ಹಿಡಿದಾಕೆ ಜಾಕೆಟ್ಟಿನ ದಾರ ಕಟ್ಟಿರಲಿಲ್ಲ. ಕಾಕಾ ಹುಟ್ಟನ್ನು ಅವಳ ಕಂಕುಳಿಗೆ ಸಿಕ್ಕಿಸಿ ಎಳೆದರು. ಮೂವರೂ ಉಳಿದರು. ದಡದಲ್ಲಿ ಕುಳಿತು ಆಕೆ ನಡುಗುತ್ತ ಕೇಳಿದ್ದು ಒಂದೇ ಮಾತು, ಎದ್ದು ನಿಲ್ಲಬಾರದು ಎಂದು ಯಾರಾದರೂ ಹೇಳಬಾರದಿತ್ತೇ ಎಂದು. ಸಂಡೂರಿನವನು ತಲೆ ತಗ್ಗಿಸಿದ್ದ. ಅವನ ಫೋನು ಇನ್ನೂ ಹಸಿರು ತೋರಿಸುತ್ತಿತ್ತು.

ಮರುದಿನದಿಂದ ಕಾಕಾ ಇಂಗ್ಲಿಷು ಬಿಟ್ಟರು. ವಿದೇಶದವರು ಹತ್ತಿದರೆ ಅವರವರ ಮಾತಿನಲ್ಲಿ ಕುಂದ್ರಿ, ನಮ್ಮವರು ಹತ್ತಿದರೆ ಕನ್ನಡದಲ್ಲಿ ಐದೂ ವಾಕ್ಯ, ಫೋನಿನ ಮುಖಕ್ಕೇ ಹೇಳಿದರು. ಕೆಂಪು. ಮತ್ತೆ ಹೇಳಿದರು. ಕೆಂಪು. ಹನ್ನೊಂದು ದಿನದಲ್ಲಿ ಮೂವತ್ತೊಂದು ಕೆಂಪು ಬಿದ್ದದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ನಾನು ಕೆಲಸದಲ್ಲಿದ್ದಾಗ ಬಿದ್ದವು ಈ ಲೆಕ್ಕದಲ್ಲಿ ಇಲ್ಲ.

ಹನ್ನೆರಡನೆಯ ದಿನ ಕಂಪನಿಯ ಮೇಲ್ವಿಚಾರಕ ಬೈಕಿನಲ್ಲಿ ಬಂದ. ಮರಿಯಮ್ಮನಹಳ್ಳಿಯವನು. ಜಗಳಕ್ಕೆ ಬಂದವನಲ್ಲ.

“ನಂದೂ ಕನ್ನಡಾನ ಕಾಕಾ. ಆದ್ರ ಫೋನಿಗೆ ಬರಂಗಿಲ್ಲ, ನಾ ಏನ್ ಮಾಡ್ಲಿ? ನಾಕು ಮಾತು ಅಂದುಬಿಡ್ರಿ, ನಿಮ್ಮ ಗಂಟೇನು ಹೋಗತೈತಿ.”

“ಫೋನಿಗೆ ಬರಂಗಿಲ್ಲ ಅಂದ್ರ ಕಲೀಲಿ. ನಾ ಇಪ್ಪತ್ತೆರಡು ಕಲ್ತೀನಿ, ಸಾಲಿ ಮುಖ ನೋಡದಾವ. ಅದಕ್ಕ ಒಂದು ಕಲಿಯಾಕ ಏನು ಧಾಡಿ?”

“ಹೆಸರು ತಗೀತಾರ ಕಾಕಾ.”

“ತಗೀಲಿ. ನನ್ನ ತೆಪ್ಪದಾಗ ಕುಂತವ್ರಿಗೆ ತಿಳೀಬೇಕು ಮೊದ್ಲು. ಫೋನೇನು ಮುಳುಗ್ತೈತೇನು?”

ಆ ಸಂಜೆಯೇ ಹೆಸರು ಹೋಯಿತು.

ಕಾಕಾ ಕಂಪ್ಲಿಗೆ ಹೋಗಿಬಿಡುತ್ತಾರೆ ಎಂದುಕೊಂಡೆ. ಮರುದಿನ ಬಂದು ನೋಡಿದರೆ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ, ಹತ್ತುವ ಕಲ್ಲಿನ ಪಕ್ಕ ನಿಂತಿದ್ದಾರೆ. ಹುಟ್ಟು ಮುಟ್ಟಬಾರದು ಎಂಬ ನಿಯಮವಿತ್ತು, ಬಾಯಿ ತೆರೆಯಬಾರದು ಎಂದಿರಲಿಲ್ಲ. ಯಾವ ಹರಿಗೋಲು ಹೊರಟರೂ ಅದರ ಮುಂದೆ ನಿಂತು ಐದು ವಾಕ್ಯ ಹೇಳಿದರು. ಯಾರೂ ಹೇಳೆಂದಿರಲಿಲ್ಲ, ಯಾರೂ ಏನೂ ಕೊಡುವವರಿರಲಿಲ್ಲ. ಮೊದಮೊದಲು ಉಳಿದವರು ನಕ್ಕರು. ಯಾರೋ, ಕಾಕಾ ಈಗ ನಮ್ಮ ಪೋಸ್ಟ್‌ಮಾಸ್ತರ, ಠಸ್ಸೆ ಹೊಡೆಯದೆ ಒಂದು ತೆಪ್ಪವೂ ಬಿಡೋದಿಲ್ಲ ಎಂದ. ಸಂಡೂರಿನವನು ಮಾತ್ರ ಮೊದಲ ದಿನದಿಂದಲೂ ಅವರ ಮಾತು ಮುಗಿಯುವವರೆಗೆ ಹಗ್ಗ ಬಿಚ್ಚುತ್ತಿರಲಿಲ್ಲ. ವಾರದೊಳಗೆ ಎಲ್ಲರೂ ಹಾಗೇ ಕಾಯತೊಡಗಿದರು.

ನಾನು ಕಣ್ಣಾರೆ ಕಂಡು ಬರೆದಿಟ್ಟದ್ದೇ ನಲವತ್ತಾರು ದಿನ. ಬಿಸಿಲಲ್ಲಿ, ಕರಿಛತ್ರಿ ಹಿಡಿದು. ನಾನು ಮತ್ತೆ ಒಂದು ಸಲ, ಹೊಂದಿಕೊಳ್ಳಬಾರದೇ ಕಾಕಾ ಎಂದೆ. ಅವರು ನನ್ನನ್ನು ತಿರುಗಿ ಕೇಳಿದರು, ನೀನು ಗೆಸ್ಟ್‌ಹೌಸಿನಲ್ಲಿ ನಮ್ಮ ಮಂದಿ ಬಂದರೂ ಇಂಗ್ಲಿಷಿನಲ್ಲೇ ಯಾಕೆ ಮಾತಾಡುತ್ತೀ ಎಂದು. ಮಾಲೀಕರ ಅಪ್ಪಣೆ ಎಂದೆ. ಅವರು ಹೂಂ ಎಂದರು, ಅಷ್ಟೇ. ಮರುದಿನ ಹೊಸಪೇಟೆಯ ಒಂದು ಕುಟುಂಬ ಕೌಂಟರಿಗೆ ಬಂದಾಗ ನಾನು ‘ಬರ್ರಿ, ಕುಂದ್ರಿ’ ಎಂದೆ. ಮಾಲೀಕರು ಕಣ್ಣು ಬಿಟ್ಟರು. ಬಿಡಲಿ ಎಂದುಕೊಂಡೆ.

ಫೆಬ್ರವರಿ ಹದಿನೆಂಟರಂದು ಹವಾಯಿ ದ್ವೀಪದ ಶಾಲಾ ಶಿಕ್ಷಕಿಯೊಬ್ಬರು ಘಟ್ಟಕ್ಕೆ ಬಂದರು. ಛತ್ರಿ ಹಿಡಿದು ನೀರಿನ ಕಡೆ ಮುಖ ಮಾಡಿ ಮಾತಾಡುವ ಕಾಕಾರನ್ನು ನೋಡಿ, ಇವರು ಹೊಳೆಯ ಅಪ್ಪಣೆ ಕೇಳುತ್ತಿದ್ದಾರೆಯೇ ಎಂದು ನನ್ನನ್ನು ವಿಚಾರಿಸಿದರು. ಅವರಲ್ಲಿ ಒಂದು ಜಾಗಕ್ಕೆ ಕಾಲಿಡುವ ಮೊದಲು ಹಾಡಿ ಅಪ್ಪಣೆ ಕೇಳುವ ಪದ್ಧತಿ ಇದೆಯಂತೆ, ಅದೂ ತಮ್ಮ ಮಾತಿನಲ್ಲೇ. ನಾನು ನಡೆದದ್ದೆಲ್ಲ ಹೇಳಿದೆ. ಅವರು ಹತ್ತಲಿಲ್ಲ. ಕಾಕಾರ ಪಕ್ಕ ಕಲ್ಲಿನ ಮೇಲೆ ಕುಳಿತರು. ಅವರ ಅಜ್ಜಿಗೆ ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಕೈಮೇಲೆ ಏಟು ಬೀಳುತ್ತಿತ್ತಂತೆ. ಅಜ್ಜಿ ಮಕ್ಕಳಿಗೆ ಮಾತು ಕಲಿಸಲಿಲ್ಲ, ಏಟು ಅವರಿಗೆ ಬೀಳದಿರಲಿ ಎಂದು. ಕೊನೆಗೆ ಮಾತು ಬಲ್ಲವರು ಮುದುಕರಷ್ಟೇ ಉಳಿದಾಗ, ಕೆಲವರು ಹಟ ಹಿಡಿದು ಆ ಮುದುಕರನ್ನೂ ಎಳೆಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದರು. ಅಲ್ಲಿ ಬೇರೆ ಮಾತು ಆಡುವಂತಿಲ್ಲ. ಅಂಥ ಕೋಣೆಗಳು ಹೆಚ್ಚಿದವು, ಶಾಲೆಗಳಾದವು. ಈಗ ಅಂಥ ಶಾಲೆಯಲ್ಲೇ ಅವರು ಪಾಠ ಹೇಳುತ್ತಾರೆ.

ಕಾಕಾ ಎಲ್ಲವನ್ನೂ ಕೇಳಿಸಿಕೊಂಡು, ಏಟು ಹಾಕಿದವರು ಅವರ ಊರಿನ ಮಾಸ್ತರರೋ ಹೊರಗಿನವರೋ ಎಂದು ಕೇಳಿದರು. ಎರಡೂ ಥರದವರಿದ್ದರು ಎಂದರು ಆಕೆ. ಕಾಕಾ ಮರಿಯಮ್ಮನಹಳ್ಳಿಯ ಮೇಲ್ವಿಚಾರಕ ಕುಳಿತಿದ್ದ ಶೆಡ್ಡಿನ ಕಡೆ ನೋಡಿ ನಕ್ಕರು. ಆಕೆ ಕೊಟ್ಟ ಮಾತು ‘ನೋಹೊ’. ಇಪ್ಪತ್ಮೂರನೆಯದು. ಅದರ ಕೆಳಗೆ ಮತ್ತೊಂದು ಸೇರಲಿಲ್ಲ.

ಮಾರ್ಚಿನಲ್ಲಿ ನಾನು ನನ್ನ ಎಣಿಕೆಯನ್ನೆಲ್ಲ ಟೈಪು ಮಾಡಿ ಕಂಪನಿಗೂ ಪ್ರವಾಸೋದ್ಯಮದ ಕಚೇರಿಗೂ ಕಳಿಸಿದೆ. ಹತ್ತಿದವರೆಷ್ಟು, ಕನ್ನಡದವರೆಷ್ಟು, ಸಂಕ್ರಾಂತಿಯಂದು ಬಿದ್ದವರು ಮೂವರು, ಫೋನಿನ ಬಣ್ಣ ಹಸಿರು. ಮೂರು ಸಲ ಕಳಿಸಿದೆ. ಮೂರಕ್ಕೂ ಉತ್ತರ ಬರಲಿಲ್ಲ. ಮಳೆಗಾಲ ಬಂತು, ಡ್ಯಾಮಿನಿಂದ ನೀರು ಬಿಟ್ಟರು, ಘಟ್ಟ ಮುಚ್ಚಿತು. ಕಾಕಾ ಕಂಪ್ಲಿಗೆ ಹೋದರು. ಹೋಗುವಾಗ, ಚೌತಿ ಮುಗಿದಮೇಲೆ ಬರ್ತೀನಿ, ಅಲ್ಲಿತನಕ ಲೆಕ್ಕಕ್ಕ ರಜಾ ಎಂದಿದ್ದರು...

ಬರಲಿಲ್ಲ. ಎದೆನೋವು, ಒಂದೇ ದಿನ. ಸಂಡೂರಿನವನು ನನಗೆ ಹೇಳುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಆ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ.

ಮುಂದಿನ ಚಳಿಗಾಲಕ್ಕೆ ಆ್ಯಪಿನಲ್ಲಿ ಕನ್ನಡ ಬಂತು. ನನ್ನ ಕಾಗದದಿಂದ ಬಂತೋ, ಬೇರೆಯವರೂ ಬರೆದಿದ್ದರೋ ಗೊತ್ತಿಲ್ಲ. ಯಾರಿಂದ ಬಂದರೂ ಒಂದು ಮಾತು ಸ್ಪಷ್ಟವಾಯಿತು. ಬರುವುದಿಲ್ಲ ಎಂದಿದ್ದ ಫೋನು ಕಲಿಯಿತು. ಕಲಿಸಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೇ. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ, ಈಗ ನನ್ನ ಡೈರಿ ಇರುವುದೂ ಫೋನಿನಲ್ಲೇ. ಆದರೆ ಯಂತ್ರಕ್ಕೆ ನಮ್ಮ ಮಾತು ತಿಳಿಯದಿದ್ದರೆ ಅದು ಯಂತ್ರದ ಕೊರತೆ. ಅದಕ್ಕಾಗಿ ನಾವು ನಾಚಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಬಿಡದವರನ್ನು ಕಂಡರೆ ಸುಮ್ಮನಿರುವುದನ್ನೂ ಬಿಟ್ಟಿದ್ದೇನೆ.

ಕನ್ನಡದಲ್ಲಿ ಬಂದದ್ದೂ ನಾಲ್ಕೇ ವಾಕ್ಯ. ಇಂಗ್ಲಿಷಿನಿಂದ ಇಳಿಸಿದವು. ಗಂಗವ್ವ ಅದರಲ್ಲಿಲ್ಲ. ಅದನ್ನು ಸೇರಿಸಿ ಎಂದು ಮತ್ತೆ ಬರೆದೆ. ಸುರಕ್ಷತೆಯ ಮಾತಿನಲ್ಲಿ ದೇವರು ಬರಬಾರದು ಎಂದು ಈ ಸಲ ಉತ್ತರ ಬಂತು.

ಈ ವರ್ಷ ಸಂಕ್ರಾಂತಿಗೆ ಈಗಿನ ಕೆಲಸಕ್ಕೆ ರಜೆ ಹಾಕಿ ಘಟ್ಟಕ್ಕೆ ಹೋಗಿದ್ದೆ. ಸಂಡೂರಿನವನ ಹರಿಗೋಲು ಹತ್ತಿದೆ. ಅವನು ಫೋನು ಹಿಡಿದು ನಾಲ್ಕು ವಾಕ್ಯ ಹೇಳಿದ, ಹಸಿರು ಬಿತ್ತು. ಐದನೆಯದನ್ನು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ, ಚೋರನೂರಿನ ಅಜ್ಜಿಯೊಬ್ಬಳ ಮೊಮ್ಮಗಳು ಉಡಿ ಹಿಡಿದು ಅರ್ಧ ಎದ್ದಳು. ಅಜ್ಜಿ ಲಂಗ ಹಿಡಿದು ಎಳೆದು ಕೂರಿಸಿದಳು.

“ಕುಂದ್ರ ಲೇ. ಗಂಗವ್ವ ಕುಂತಾಳ. ನಿಂತವ್ರ ಕೈಲಿಂದ ಆಕಿ ತಗೊಳ್ಳಂಗಿಲ್ಲ.”

“ಯಾರ್ ಹೇಳ್ಯಾರ?” ಎಂದಳು ಹುಡುಗಿ.

“ಹಿಂದಲಿಂದ ಬಂದಿದ್ದು. ನಮ್ಮತ್ತಿನೂ ಹಂಗ ಮಾಡ್ತಿದ್ಲು.”

ನಾನು ಸಂಡೂರಿನವನ ಮುಖ ನೋಡಿದೆ. ಅವನು ಹೊಳೆ ನೋಡುತ್ತ ಹುಟ್ಟು ಹಾಕುತ್ತಿದ್ದ. ನಡುಹೊಳೆಯಲ್ಲಿ ಹೆಂಗಸರೆಲ್ಲ ಕುಳಿತಲ್ಲಿಂದಲೇ ಬಾಗಿ, ಬಳೆ, ಕಣ, ಅಕ್ಕಿ ನೀರಿಗೆ ಬಿಟ್ಟರು. ಹರಿಗೋಲು ಅಲುಗಲಿಲ್ಲ.

ಮನೆಗೆ ಬಂದು ಬರೆದೆ. ದಾಟಿದವರು ಹನ್ನೊಂದು, ನಿಂತವರು ಯಾರೂ ಇಲ್ಲ. ಅಜ್ಜಿ ಏನಾದರೂ ಅಂದುಕೊಳ್ಳಲಿ, ಹಿಂದಿನಿಂದ ಬಂದದ್ದು ಎಂದು ನನ್ನ ಡೈರಿಯಲ್ಲಿ ನಾನು ಬರೆಯಲಾರೆ. ಅದು ಬಂದದ್ದು ಒಂದು ಚಳಿಗಾಲದಲ್ಲಿ, ನನ್ನ ಕಣ್ಣೆದುರಿಗೆ, ಪಟ್ಟಿಯಿಂದ ಹೆಸರು ತೆಗೆಸಿಕೊಂಡ ಒಬ್ಬರ ಬಾಯಿಂದ.